ಕುದಿಯುವ ಎಂಜಿನ್ನೂ ನಮ್ಮ ಅವಸರವೂ

ಬೇಸಗೆಯಲ್ಲಿ ಶಿರಾಡಿ ಘಟ್ಟವನ್ನಾಗಲಿ ಆಗುಂಬೆಯ ಘಟ್ಟವನ್ನಾಗಲಿ ಹತ್ತಿದವರು ಈ ನೋಟವನ್ನು ಕಾಣದೆ ಇರಲಾರರು: ತಿರುವಿನ ಅಂಚಿನಲ್ಲಿ ನಿಂತ ಒಂದು ಕಾರು, ಮೇಲೆತ್ತಿದ ಬಾನೆಟ್ಟು, ಅದರೊಳಗಿಂದ ಏಳುವ ಬಿಳಿಯ ಹಬೆ, ಸುತ್ತಲೂ ಕೈಕಟ್ಟಿ ನಿಂತ ನಾಲ್ಕಾರು ಮಂದಿ. ಅವರಲ್ಲಿ ಒಬ್ಬರು ಗಡಿಯಾರವನ್ನು ನೋಡಿಕೊಳ್ಳುತ್ತಿರುತ್ತಾರೆ. ಇನ್ನೊಬ್ಬರು ಕುಡಿಯುವ ನೀರಿನ ಬಾಟಲಿಯನ್ನು ಹಿಡಿದು ಮುಂದೆ ಬರುತ್ತಾರೆ. ಮೂರನೆಯವರು ಚಾಲಕನಿಗೆ ಒಂದು ಮಾತು ಹೇಳುತ್ತಾರೆ: “ನಿಧಾನವಾಗಿ ಮುಂದಿನ ಊರಿನ ತನಕ ಹೋಗಿಬಿಡೋಣ.” ಈ ಲೇಖನವನ್ನು ನಾವು ಬರೆಯುತ್ತಿರುವುದು ಆ ಮೂರನೆಯವರ ಮಾತನ್ನು ವಿರೋಧಿಸುವುದಕ್ಕಾಗಿ.

ಭೌತವಿಜ್ಞಾನವನ್ನು ಪಾಠ ಹೇಳುವುದು ನಮ್ಮ ವೃತ್ತಿ. ಒತ್ತಡ ಹೆಚ್ಚಿದರೆ ದ್ರವದ ಕುದಿಬಿಂದುವೂ ಏರುವುದೆಂದು ನಮ್ಮ ತರಗತಿಗಳಲ್ಲಿ ಹೇಳಲಾರದ ವಿದ್ಯಾರ್ಥಿಯೇ ಇಲ್ಲ. ಪ್ರೆಷರ್ ಕುಕ್ಕರಿನ ಉದಾಹರಣೆಯನ್ನೂ ತಪ್ಪದೆ ಕೊಡುತ್ತಾರೆ; ಅಂಕಗಳೂ ಬರುತ್ತವೆ. ಆದರೆ ಹಬೆಯಾಡುತ್ತಿರುವ ಕಾರಿನ ಮುಂದೆ ನಿಂತಾಗ ಅದೇ ವಿದ್ಯಾರ್ಥಿಯು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಲು ಕೈ ನೀಡಿದರೆ, ಆ ಅಂಕಗಳಿಗೆ ಏನು ಬೆಲೆ? ಕುಕ್ಕರಿನ ಮುಚ್ಚಳವನ್ನು ತಣಿಯುವ ಮೊದಲು ತೆಗೆಯಬಾರದೆಂಬುದು ಅಕ್ಷರ ಬಾರದ ಅಜ್ಜಿಗೂ ಗೊತ್ತು. ರೇಡಿಯೇಟರು ಅದಕ್ಕಿಂತ ದೊಡ್ಡ ಕುಕ್ಕರು, ಅಷ್ಟೆ.

ಎಂಜಿನ್ನಿಗೆ ನೀರಿನ ಆಸರೆ ಎಷ್ಟರಮಟ್ಟಿನದೆಂಬುದನ್ನು ಮೊದಲು ನೋಡೋಣ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ೩೨ ಮೆಗಾಜೂಲುಗಳಷ್ಟು ಶಕ್ತಿ ಹೊರಬೀಳುವುದು. ಅದರಲ್ಲಿ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ದಕ್ಕುವುದು ಮೂರನೆಯ ಒಂದು ಪಾಲೂ ಇಲ್ಲ. ಇನ್ನೊಂದು ಪಾಲು ಹೊಗೆಯೊಡನೆ ಹೋಗುವುದು. ಉಳಿದ ಪಾಲು ಎಂಜಿನ್ನಿನ ಲೋಹಕ್ಕೆ ಇಳಿಯುವುದು; ಅದನ್ನು ಹೊತ್ತು ಹೊರಕ್ಕೆ ಹಾಕುವವರು ಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲಗಳ ಉಷ್ಣತೆ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಅಲ್ಯೂಮಿನಿಯಮ್ ೬೬೦ ಡಿಗ್ರಿಯಲ್ಲಿ ಕರಗುವುದು. ಹೀಗಿದ್ದೂ ಅಲ್ಯೂಮಿನಿಯಮಿನ ಪಿಸ್ಟನ್ನೂ ಸಿಲಿಂಡರಿನ ತಲೆಯೂ ಕರಗದೆ ವರ್ಷಾನುಗಟ್ಟಲೆ ಬಾಳುವುದಕ್ಕೆ ಮುಖ್ಯ ಕಾರಣ, ಗೋಡೆಯ ಆಚೆ ಕಡೆ ಎಡೆಬಿಡದೆ ಹರಿಯುತ್ತಿರುವ ಐದಾರು ಲೀಟರು ದ್ರವ.

ಘಟ್ಟದಲ್ಲಿಯೇ ಏಕೆ ಈ ತೊಂದರೆ ಹೆಚ್ಚು? ಏರು ಕಠಿನವೆಂದು ಎಲ್ಲರೂ ಹೇಳುವರು. ಅದು ಅರ್ಧ ಉತ್ತರ ಮಾತ್ರ. ಐದು ಮಂದಿ ಕುಳಿತ ಕಾರಿನ ತೂಕ ಸುಮಾರು ೧೫೦೦ ಕಿಲೋಗ್ರಾಮ್ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಅದು ಗಾಳಿಯನ್ನೂ ಘರ್ಷಣೆಯನ್ನೂ ಎದುರಿಸಿ ಓಡಲು ಸುಮಾರು ೮ ಕಿಲೋವಾಟು ಸಾಕು. ಹದಿನಾಲ್ಕಕ್ಕೆ ಒಂದರಂತೆ ಏರುವ ಘಟ್ಟದಲ್ಲಿ ಬರಿಯ ೩೦ ಕಿಲೋಮೀಟರು ವೇಗದಲ್ಲಿ ಹತ್ತುವುದಕ್ಕೆ ಸುಮಾರು ೧೦ ಕಿಲೋವಾಟು ಬೇಕು. ಅಂದರೆ ದುಡಿಮೆ ಹೆಚ್ಚುಕಡಿಮೆ ಒಂದೇ. ಆದರೆ ರೇಡಿಯೇಟರಿಗೆ ಎದುರಾಗಿ ಬೀಸುವ ಗಾಳಿ ಮಾತ್ರ ಅರ್ಧಕ್ಕಿಂತ ಕಡಿಮೆಯಾಗಿಬಿಟ್ಟಿತು. ಆ ಕೊರತೆಯನ್ನು ಫ್ಯಾನು ತುಂಬಿಕೊಡಬೇಕು. ಒಳಗೆ ಕುಳಿತವರು ತಂಪಾಗಿರಲೆಂದು ಹವಾನಿಯಂತ್ರಣವನ್ನು ಹಾಕಿಕೊಂಡಿದ್ದರೆ, ಅದರ ಶಾಖವನ್ನು ಹೊರಹಾಕುವ ಕಂಡೆನ್ಸರು ಸಾಮಾನ್ಯವಾಗಿ ರೇಡಿಯೇಟರಿನ ಮುಂದುಗಡೆಯೇ ಇರುವುದರಿಂದ, ರೇಡಿಯೇಟರಿಗೆ ದೊರೆಯುವ ಗಾಳಿಯೂ ಮೊದಲೇ ಬಿಸಿಯಾದದ್ದು.

ಈಗ ಫ್ಯಾನು ಕೆಟ್ಟು ನಿಂತಿತೆನ್ನೋಣ. ಲೋಹಕ್ಕೆ ಇಳಿಯುವ ಉಷ್ಣ ಸೆಕೆಂಡಿಗೆ ೧೦ ಕಿಲೋಜೂಲು. ಹೊರಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ೬ ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ೨೫ ಕಿಲೋಜೂಲು ಬೇಕು. ಎಂಜಿನ್ನಿನ ನೂರು ಕಿಲೋಗ್ರಾಮ್ ಲೋಹಕ್ಕೆ ಸುಮಾರು ೫೦. ಒಟ್ಟು ೭೫. ಆದ್ದರಿಂದ ೯೦ ಡಿಗ್ರಿಯಲ್ಲಿದ್ದ ದ್ರವವು ೧೨೦ ಡಿಗ್ರಿಗೆ ಏರಲು ೨೨೫ ಸೆಕೆಂಡು ಸಾಕು, ಎಂದರೆ ನಾಲ್ಕು ನಿಮಿಷವೂ ಇಲ್ಲ. ನಾಲ್ಕು ನಿಮಿಷದಲ್ಲಿ ಆ ಕಾರು ಹತ್ತುವ ದೂರ ೨ ಕಿಲೋಮೀಟರು. ಶಿರಾಡಿಯಲ್ಲಿ ಗುಂಡ್ಯದಿಂದ ದೋಣಿಗಾಲಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. “ಮುಂದಿನ ಊರು” ಎಲ್ಲಿದೆಯೆಂದು ಓದುಗರೇ ಯೋಚಿಸಲಿ. ನಮ್ಮ ಲೆಕ್ಕ ಒರಟಾದದ್ದು, ನಿಜ; ಎರಡರಷ್ಟು ಉದಾರವಾಗಿ ಎಣಿಸಿದರೂ ತೀರ್ಮಾನ ಬದಲಾಗದು.

ಹಾಗಾದರೆ ಈ “ಹೋಗಿಬಿಡೋಣ” ಎಂಬ ಧೈರ್ಯ ನಮ್ಮ ಜನಕ್ಕೆ ಎಲ್ಲಿಂದ ಬಂದಿತು? ಅದಕ್ಕೂ ಒಂದು ಇತಿಹಾಸವುಂಟು. ೧೯೫೭ರಿಂದ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರು ಘಟ್ಟದಲ್ಲಿ ಕುದಿಯುವುದು ಹಿಂದೆ ಸಾಮಾನ್ಯವಾದ ಸಂಗತಿ. ಡಿಕ್ಕಿಯಲ್ಲಿ ನೀರಿನ ಡಬ್ಬ, ತೊರೆ ಕಂಡಲ್ಲಿ ನಿಲುಗಡೆ, ಒಂದು ಚಹ, ಮತ್ತೆ ಪ್ರಯಾಣ. ಅದರ ಹಳೆಯ ಪೆಟ್ರೋಲ್ ಎಂಜಿನ್ನಿನ ಮೈಯೂ ತಲೆಯೂ ಎರಡೂ ಎರಕದ ಕಬ್ಬಿಣ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದುವು. ಒಂದಿಷ್ಟು ಅಪಚಾರವನ್ನು ಕ್ಷಮಿಸುತ್ತಿದ್ದುವು. ಇಂದಿನ ಕಾರುಗಳಲ್ಲಿ ತಲೆ ಅಲ್ಯೂಮಿನಿಯಮಿನದು. ಒಂದೇ ಶಾಖಕ್ಕೆ ಅದು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದು. ೪೦ ಸೆಂಟಿಮೀಟರು ಉದ್ದದ ತಲೆಯು ೧೦೦ ಡಿಗ್ರಿ ಹೆಚ್ಚಾಗಿ ಕಾದರೆ ಸುಮಾರು ೦.೯ ಮಿಲಿಮೀಟರು ಬೆಳೆಯಲು ಬಯಸುವುದು. ಅದನ್ನು ಬೋಲ್ಟುಗಳು ಬಿಗಿಯಾಗಿ ಹಿಡಿದಿವೆ. ಬೆಳೆಯಲು ಎಡೆಯಿಲ್ಲದೆ ಅದು ಸೊಟ್ಟಗಾಗುವುದು. ಆ ತಲೆಯ ಅಡಿಭಾಗವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಓರೆಯಾದರೂ ಕೆಳಗಿನ ಗ್ಯಾಸ್ಕೆಟ್ಟು ಬಾಯಿ ಬಿಡುವುದು. ಆ ಬಳಿಕ ನೀರು ಎಣ್ಣೆಗೆ, ಬೆಂಕಿ ನೀರಿಗೆ. ಹಿರಿಯರ ಅನುಭವ ಸುಳ್ಳಲ್ಲ. ಅದು ಬೇರೆ ಯಂತ್ರದ ಅನುಭವ.

ಇನ್ನೊಂದು ಮೋಸವನ್ನು ಇಲ್ಲಿಯೇ ಹೇಳಬೇಕು. ಉಷ್ಣತೆಯನ್ನು ತೋರಿಸುವ ಮುಳ್ಳು ಕೆಂಪು ಗೆರೆಯವರೆಗೆ ಏರಿ, ಇದ್ದಕ್ಕಿದ್ದಂತೆ ಕೆಳಗಿಳಿದರೆ ಎಲ್ಲರೂ ಸಂತೋಷಪಡುತ್ತಾರೆ. ಅದು ಸಂತೋಷದ ಸುದ್ದಿಯಾಗಿರಬೇಕಾದ್ದಿಲ್ಲ. ಮಾಪಕದ ತುದಿ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತು ನಂಬಲರ್ಹ. ದ್ರವವೆಲ್ಲ ಸೋರಿಹೋಗಿ ತುದಿಯ ಸುತ್ತ ಬರಿಯ ಗಾಳಿ ಉಳಿದಾಗ, ಉಷ್ಣವನ್ನು ಅದಕ್ಕೆ ಮುಟ್ಟಿಸುವ ಮಾಧ್ಯಮವೇ ಇಲ್ಲವಾಗಿ, ಲೋಹ ಬೇಯುತ್ತಿದ್ದರೂ ಮುಳ್ಳು ಸಮಾಧಾನದಿಂದ ಮಲಗುವುದುಂಟು. ಕೆಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಆ ದೀಪ ಹೊತ್ತಿದ ಮೇಲೆ ಚರ್ಚೆಗೆ ಸಮಯವಿಲ್ಲ.

ಮುಳ್ಳು ಏರತೊಡಗಿದೆ, ಆದರೆ ಕೆಂಪನ್ನು ಮುಟ್ಟಿಲ್ಲ, ಹಬೆಯಿಲ್ಲ, ಸೋರಿಕೆಯಿಲ್ಲ ಎಂದಾದರೆ ಮಾಡತಕ್ಕದ್ದು ಮೊದಲು ಹವಾನಿಯಂತ್ರಣವನ್ನು ಆರಿಸುವುದು. ಎರಡನೆಯದಾಗಿ, ಕೇಳಲು ವಿಚಿತ್ರವಾದರೂ, ಒಳಗಿನ ಹೀಟರನ್ನು ಪೂರ್ತಿಯಾಗಿ ತಿರುಗಿಸುವುದು. ಹೀಟರೆಂದರೆ ಎಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರು. ಕಿಟಕಿಗಳನ್ನು ತೆರೆದುಕೊಂಡು ಬೆವರುತ್ತ ಕುಳಿತ ಪ್ರಯಾಣಿಕರು ಎಂಜಿನ್ನಿನ ಉಷ್ಣದ ಒಂದು ಪಾಲನ್ನು ತಾವೇ ಹೊರಹಾಕಿದಂತಾಗುವುದು. ಅಷ್ಟರಲ್ಲಿ ಸುರಕ್ಷಿತವಾದ ಜಾಗವನ್ನು ಹುಡುಕಿ ನಿಲ್ಲಿಸಬೇಕು. ಹಬೆ ಕಂಡಿತೋ, ಕೆಂಪು ದೀಪ ಹೊತ್ತಿತೋ, ಆಗ ಹೀಟರಿನ ಉಪಾಯವೂ ಬೇಡ. ರಸ್ತೆಯ ಪಕ್ಕಕ್ಕೆ ಸರಿದು ಎಂಜಿನ್ನನ್ನು ಆರಿಸುವುದೊಂದೇ ದಾರಿ. ಆರಿಸಿದ ಮೇಲೂ ಕೆಲವು ನಿಮಿಷ ಉಷ್ಣತೆ ಏರುತ್ತಲೇ ಇರುವುದು. ಪಂಪು ನಿಂತಿದೆ, ಲೋಹದೊಳಗೆ ಸಂಗ್ರಹವಾದ ಶಾಖ ನೀರಿಗೆ ಇಳಿಯುತ್ತಿದೆ, ಗಾಬರಿಪಡಬೇಕಾದ್ದಿಲ್ಲ.

ಈಗ ಆ ಮುಚ್ಚಳದ ವಿಷಯ. ರೇಡಿಯೇಟರಿನ ಮುಚ್ಚಳವು ಸಾಮಾನ್ಯವಾಗಿ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಮತ್ತೊಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಡುವುದು. ಆ ಒತ್ತಡದಲ್ಲಿ ನೀರು ೧೨೦ ಡಿಗ್ರಿಯವರೆಗೆ ಕುದಿಯದೆ ದ್ರವವಾಗಿಯೇ ಇರುವುದು. ಒಳಗೆ ೬ ಲೀಟರು ನೀರು ೧೧೮ ಡಿಗ್ರಿಯಲ್ಲಿ ಇದೆಯೆನ್ನೋಣ. ಯಾರೋ ಮುಚ್ಚಳವನ್ನು ತೆರೆದರು. ಒತ್ತಡ ಒಮ್ಮೆಲೆ ಇಳಿಯಿತು; ಕುದಿಬಿಂದು ೧೦೦ಕ್ಕೆ ಇಳಿಯಿತು; ಹೆಚ್ಚಾಗಿ ಉಳಿದ ೧೮ ಡಿಗ್ರಿಗಳ ಶಾಖ, ಅಂದರೆ ಸುಮಾರು ೪೫೦ ಕಿಲೋಜೂಲು, ಎಲ್ಲಿಗೆ ಹೋಗಬೇಕು? ಅದು ಗುಪ್ತೋಷ್ಣವಾಗಿ ನೀರನ್ನು ಆವಿಯಾಗಿಸುವುದು. ಒಂದು ಕಿಲೋಗ್ರಾಮಿಗೆ ೨೨೬೦ ಕಿಲೋಜೂಲಿನಂತೆ ಲೆಕ್ಕ ಹಾಕಿದರೆ ೨೦೦ ಗ್ರಾಮು ನೀರು ಆವಿಯಾಯಿತು. ಇಷ್ಟೇ ತಾನೆ ಎನ್ನಬೇಡಿ. ೨೦೦ ಗ್ರಾಮು ಆವಿಯು ಸುಮಾರು ೩೩೦ ಲೀಟರು ಜಾಗವನ್ನು ಕೇಳುವುದು. ಅದೂ ಕ್ಷಣಮಾತ್ರದಲ್ಲಿ, ಅಂಗೈಯಗಲದ ಬಾಯಿಯಿಂದ, ಉಳಿದ ಕುದಿನೀರನ್ನೂ ತನ್ನೊಡನೆ ತಳ್ಳಿಕೊಂಡು. ಆ ಬಾಯಿಯ ಮೇಲೆ ಆಗ ಬಗ್ಗಿರುವುದು ಒಬ್ಬ ಮನುಷ್ಯನ ಮುಖ. ಆವಿಯು ಚರ್ಮವನ್ನು ಮುಟ್ಟಿ ಮತ್ತೆ ನೀರಾಗುವಾಗ ಅದೇ ಗುಪ್ತೋಷ್ಣವನ್ನು ಚರ್ಮಕ್ಕೆ ಬಿಟ್ಟುಕೊಡುವುದು. ಆದ್ದರಿಂದಲೇ ಆವಿಯ ಸುಡುಗಾಯವು ಕುದಿನೀರಿನದಕ್ಕಿಂತ ಕ್ರೂರ.

ಬಟ್ಟೆ ಸುತ್ತಿಕೊಂಡು ತೆರೆದರೆ ಆಗದೆ ಎಂದು ಕೇಳುವವರುಂಟು. ಬಟ್ಟೆ ಕೈಯನ್ನು ಸ್ವಲ್ಪ ಕಾಪಾಡೀತು. ಬಿಸಿನೀರನ್ನು ಹೀರಿದ ಬಟ್ಟೆಯೇ ಮೈಗೆ ಅಂಟಿಕೊಂಡೀತು. ಅರ್ಧ ಗಂಟೆಯಾದರೂ, ಬಿಸಿಲು ಜೋರಾಗಿದ್ದರೆ ಇನ್ನೂ ಹೆಚ್ಚು ಹೊತ್ತು, ಸುಮ್ಮನೆ ಕಾಯಬೇಕು. ಮೇಲಿನ ರಬ್ಬರು ಕೊಳವೆಯನ್ನು ಹಿಸುಕಿದಾಗ ಅದು ಮೆತ್ತಗಿದ್ದರೆ ಮಾತ್ರ ಒಳಗೆ ಒತ್ತಡವಿಲ್ಲವೆಂದು ತಿಳಿಯಬಹುದು. ಇಂದಿನ ಅನೇಕ ಕಾರುಗಳಲ್ಲಿ ಬದಿಯ ಬಿಳಿಯ ಪ್ಲಾಸ್ಟಿಕ್ ಡಬ್ಬಿಯೇ ಒತ್ತಡದ ಪಾತ್ರೆ. ಅದು ನಿರಪಾಯವೆಂದು ನಂಬಿ ತೆರೆದು ಸುಟ್ಟುಕೊಂಡವರುಂಟು. ವಿದ್ಯುತ್ ಫ್ಯಾನಿನ ಬಳಿಯೂ ಕೈಯಿಡಬಾರದು. ಎಂಜಿನ್ನು ಆರಿದ್ದರೂ ಕೆಲವು ಕಾರುಗಳಲ್ಲಿ ಅದು ತಾನಾಗಿ ತಿರುಗತೊಡಗುವುದು. ಯಾರಾದರೂ ಸುಟ್ಟುಕೊಂಡಿದ್ದೇ ಆದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರನ್ನು ಸುರಿಯಬೇಕು. ಟೂತ್‌ಪೇಸ್ಟು, ಶಾಯಿ, ಮಂಜುಗಡ್ಡೆ ಯಾವುದೂ ಬೇಡ.

ತಣಿದ ಮೇಲೆ ನೀರು ಹಾಕಿ ನೋಡಬಹುದು, ಸ್ವಲ್ಪಸ್ವಲ್ಪವಾಗಿ. ಕಾದ ಎರಕಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುವುದು ಗಾಜಿನ ಲೋಟಕ್ಕಷ್ಟೇ ಸೀಮಿತವಲ್ಲ. ಹಾಕಿದ ನೀರು ನಿಂತಿತೆ, ಫ್ಯಾನು ತಿರುಗಿತೆ, ಮುಳ್ಳು ನೆಟ್ಟಗಿದೆಯೆ, ಆಗ ಮೆಲ್ಲಗೆ ಹೊರಡುವ ಯೋಚನೆ ಮಾಡಬಹುದು. ಹಾಕಿದ ನೀರು ಕೆಳಗೆ ಹರಿದುಹೋದರೆ, ಅಥವಾ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಂಡರೆ, ಆ ಕಾರು ಇನ್ನು ತನ್ನ ಕಾಲ ಮೇಲೆ ಹೋಗಬಾರದು. ಅದನ್ನು ಹೊತ್ತೊಯ್ಯುವ ಗಾಡಿ ಬರಬೇಕು.

ಇಲ್ಲಿ ನಮ್ಮ ಜನರಿಗೆ ಒಂದು ವಿಚಿತ್ರವಾದ ಸಂಕೋಚವುಂಟು. ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೋಗುವುದು ಅವಮಾನವೆಂದೂ ದುಂದುವೆಚ್ಚವೆಂದೂ ಭಾವಿಸಿ, ಹಾದುಹೋಗುವ ಜೀಪನ್ನು ನಿಲ್ಲಿಸಿ ಹಗ್ಗ ಕಟ್ಟುತ್ತಾರೆ. ಹಗ್ಗದ ಭೌತವಿಜ್ಞಾನವನ್ನು ಯೋಚಿಸಿದವರು ಇದಕ್ಕೆ ಒಪ್ಪಲಾರರು. ಎಂಜಿನ್ನು ನಿಂತ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತದ ಸಾಧನವು ಒಂದೆರಡು ಸಲ ತುಳಿದ ಮೇಲೆ ಬರಿದಾಗುವುದು, ಪೆಡಲು ಕಲ್ಲಿನಂತಾಗುವುದು. ಸ್ಟಿಯರಿಂಗೂ ಭಾರವಾಗುವುದು. ಗಂಟೆಗೆ ೨೫ ಕಿಲೋಮೀಟರೆಂದರೆ ಸೆಕೆಂಡಿಗೆ ೭ ಮೀಟರು. ಹಗ್ಗದ ಉದ್ದ ೫ ಮೀಟರು. ಮುಂದಿನವನು ಗಕ್ಕನೆ ನಿಂತರೆ ಹಿಂದಿನವನಿಗೆ ಮುಕ್ಕಾಲು ಸೆಕೆಂಡೂ ಇಲ್ಲ, ಅಷ್ಟರಲ್ಲಿ ಕಾಲು ಪೆಡಲಿಗೆ ಬಂದಿರುವುದೇ ಸಂದೇಹ. ಹಗ್ಗ ಸಡಿಲಗೊಂಡು ಮತ್ತೆ ಬಿಗಿಯುವಾಗಿನ ಎಳೆತವು ನಿಧಾನದ ಎಳೆತಕ್ಕಿಂತ ಎಷ್ಟೋ ಪಾಲು ಹೆಚ್ಚು. ತುಂಡಾದರೆ ಅದು ಚಾಟಿಯಂತೆ ಬೀಸುವುದು. ಗೇರು ತಾನಾಗಿ ಬದಲಾಗುವ ಕಾರಾದರೆ ಇನ್ನೂ ಕಷ್ಟ: ಎಂಜಿನ್ನು ನಿಂತಾಗ ಗೇರುಪೆಟ್ಟಿಗೆಯ ಎಣ್ಣೆಯ ಪಂಪೂ ನಿಲ್ಲುವುದು, ಚಕ್ರ ಉರುಳಿದಷ್ಟೂ ಒಳಗೆ ಒಣಘರ್ಷಣೆ. ಚಕ್ರಗಳನ್ನೆಲ್ಲ ನೆಲದಿಂದ ಎತ್ತಿ ಕೊಂಡೊಯ್ಯುವ ಚಪ್ಪಟೆ ಹಾಸಿನ ಲಾರಿಯೇ ಅದಕ್ಕೆ ಯೋಗ್ಯ.

ರಾಷ್ಟ್ರೀಯ ಹೆದ್ದಾರಿಗಳಲ್ಲಿ ೧೦೩೩ ಎಂಬ ಸಂಖ್ಯೆಗೆ ಕರೆಮಾಡಿ ನೆರವು ಕೇಳಬಹುದು, ಪ್ರಾಣಾಪಾಯವಿದ್ದರೆ ೧೧೨. ಅನೇಕರ ವಿಮೆಯ ಕಾಗದದಲ್ಲಿಯೇ ರಸ್ತೆನೆರವಿನ ಕಲಮು ಇರುವುದು. ಅದನ್ನು ಓದಿಕೊಂಡವರು ವಿರಳ. ಕರೆಮಾಡಿದಾಗ “ಘಟ್ಟದಲ್ಲಿ ಒಂದು ದೊಡ್ಡ ಮರದ ಹತ್ತಿರ” ಎಂದರೆ ಯಾರೂ ಬರಲಾರರು. ಕಿಲೋಮೀಟರು ಕಲ್ಲಿನ ಮೇಲಿನ ಅಂಕಿಯನ್ನು ಓದಿ ಹೇಳಬೇಕು. ಹೋಗುತ್ತಿರುವ ದಿಕ್ಕು, ಕಾರಿನ ಮಾದರಿ, ಗೇರಿನ ಬಗೆ ಇವನ್ನೂ ತಿಳಿಸಬೇಕು; ಯಾವ ಬಗೆಯ ಲಾರಿ ಬರಬೇಕೆಂಬುದು ಅದರಿಂದ ನಿರ್ಧಾರವಾಗುವುದು. ಎಷ್ಟು ಹಣ, ಯಾವ ಊರಿನವರೆಗೆ ಎಂಬುದನ್ನು ಲಾರಿ ಹೊರಡುವ ಮೊದಲೇ ಕೇಳಿಕೊಳ್ಳುವುದು ವಿವೇಕ. ಘಟ್ಟದ ಎಷ್ಟೋ ಕಡೆ ಮೊಬೈಲಿಗೆ ಸಂಕೇತ ಸಿಕ್ಕುವುದಿಲ್ಲ. ಆಗ ಒಬ್ಬರು ಬಸ್ಸು ಹತ್ತಿ ಮುಂದಿನ ಊರಿಗೆ ಹೋಗಲಿ. ಊರಿಗೆ ಹೋಗಬೇಕಾದ್ದು ಮನುಷ್ಯ, ಎಂಜಿನ್ನಲ್ಲ.

ರಾತ್ರಿಯಲ್ಲಿ, ಮಕ್ಕಳು ಮುದುಕರೊಡನೆ, ಆನೆಗಳು ತಿರುಗಾಡುವ ಸಕಲೇಶಪುರದ ಕಡೆಯ ಕಾಡಿನಲ್ಲಿ ನಿಲ್ಲಿಸಿಕೊಂಡು ಕೂಡುವುದು ಹೇಗೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೆಂದು ನಾವು ಒಪ್ಪುತ್ತೇವೆ. ಜೀವ ಮೊದಲು, ಯಂತ್ರ ಆಮೇಲೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅವಸರಕ್ಕೆ ಕಾರಣ ಆನೆಯಲ್ಲ. ನಮಗೆ ಪರಿಚಿತನಾದ ಒಬ್ಬ ಬಾಡಿಗೆ ಕಾರಿನ ಚಾಲಕನಿಗೆ ಒದಗಿದ್ದನ್ನು ಹೇಳುತ್ತೇವೆ. ಮದುವೆಗೆ ಹೊರಟ ತಂಡ; ಘಟ್ಟದ ನಡುವೆ ಕೆಂಪು ದೀಪ. ಆತನು ನಿಲ್ಲಿಸಬೇಕೆಂದ. ಮುಹೂರ್ತ ಮೀರುವುದೆಂದು ಒಳಗಿದ್ದವರು ಗದರಿದರು. ಅವರಲ್ಲಿ ಇಬ್ಬರು ವಿಜ್ಞಾನದ ಪದವೀಧರರು. ಆರು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನ್ನು ತಾನೇ ನಿಂತಿತು. ಪ್ರಯಾಣಿಕರು ಬಸ್ಸು ಹತ್ತಿ ಮದುವೆಗೆ ಹೋದರು. ಆತನು ರಾತ್ರಿಯವರೆಗೆ ಅಲ್ಲಿಯೇ ಕುಳಿತ. ಎಂಜಿನ್ನಿನ ತಲೆಯನ್ನು ಬದಲಾಯಿಸಲು ಮಾಡಿದ ಸಾಲವನ್ನು ತೀರಿಸಲು ಆತನಿಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಬಾಡಿಗೆ ಕೊಟ್ಟವರ ಮಾತನ್ನು ಮೀರುವ ಸ್ವಾತಂತ್ರ್ಯ ಆತನಿಗಿರಲಿಲ್ಲ. ಭೌತವಿಜ್ಞಾನವನ್ನು ಓದಿದ ಆ ಇಬ್ಬರು ಬಾಯಿಬಿಟ್ಟಿದ್ದರೆ ಇತ್ತು. ಹಿಂದಿನ ಆಸನದಲ್ಲಿ ಕುಳಿತ ವಿದ್ಯಾರ್ಥಿಯು ಚಾಲಕನ ಪಕ್ಷ ವಹಿಸಿ “ನಿಲ್ಲಿಸಿ” ಎನ್ನಬೇಕೆಂಬುದೇ ನಮ್ಮ ಆಶಯ. ಪರೀಕ್ಷೆಯಲ್ಲಿ ಗುಪ್ತೋಷ್ಣದ ಮೇಲೆ ಪ್ರಶ್ನೆ ಕೊಡುವವರು ಮಂಜುಗಡ್ಡೆಯ ಲೋಟವನ್ನು ಬಿಟ್ಟು ಒಮ್ಮೆ ರೇಡಿಯೇಟರಿನ ಮೇಲೆ ಕೊಡಲಿ ಎಂಬುದೂ.

ಮನೆಯಲ್ಲಿಯೇ ಮಾಡಬಹುದಾದ ಮುನ್ನೆಚ್ಚರಿಕೆ ಸಣ್ಣದು. ಮುಚ್ಚಳದ ರಬ್ಬರು ಬಳೆ ಹಳತಾಗಿದ್ದರೆ ಅದು ಒತ್ತಡವನ್ನು ಹಿಡಿಯಲಾರದು. ೧೧೫೦ ಮೀಟರು ಎತ್ತರದ ಮಡಿಕೇರಿಯಲ್ಲಿ ತೆರೆದ ನೀರು ಸುಮಾರು ೯೬ ಡಿಗ್ರಿಗೇ ಕುದಿಯುವುದರಿಂದ, ಅಲ್ಲಿ ಅಂಥ ಕಾರಿಗೆ ಉಸಿರಾಡಲೂ ಎಡೆಯಿಲ್ಲ. ಬೋರುಬಾವಿಯ ಗಡಸು ನೀರನ್ನು ಹಾಕಿದರೆ ಸ್ನಾನದ ಹಂಡೆಯಲ್ಲಿ ಕಟ್ಟುವಂಥ ಸುಣ್ಣದ ಪದರವೇ ಒಳಗೂ ಕಟ್ಟುವುದು. ಬಣ್ಣದ ಶೀತಕದ್ರವವನ್ನು ಹೆಚ್ಚು ಸುರಿದಷ್ಟೂ ಒಳ್ಳೆಯದೆಂಬುದೂ ತಪ್ಪು: ಅದರಲ್ಲಿರುವ ಎಥಿಲೀನ್ ಗ್ಲೈಕಾಲಿನ ವಿಶಿಷ್ಟೋಷ್ಣವು ನೀರಿನದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ, ಕುದಿಬಿಂದು ಏರೀತು, ಆದರೆ ಶಾಖವನ್ನು ಹೊರುವ ಶಕ್ತಿ ಕುಗ್ಗುವುದು. ಸಮಭಾಗ ಮಿಶ್ರಣ ಸಾಕು. ನಮ್ಮದು ಉಷ್ಣದೇಶವೆಂದು ಥರ್ಮೊಸ್ಟಾಟನ್ನೇ ಕಿತ್ತೆಸೆಯುವ ಮೆಕ್ಯಾನಿಕರ ಪದ್ಧತಿಯನ್ನು ನಾವು ಮೆಚ್ಚಲಾರೆವು. ತಕ್ಕಷ್ಟು ಬಿಸಿಯಾಗದ ಎಂಜಿನ್ನು ಪೆಟ್ರೋಲನ್ನೂ ತಿನ್ನುವುದು, ಬೇಗ ಸವೆಯುವುದು. ವಿದ್ಯುತ್ ಕಾರುಗಳು ಬಂದರೆ ಇದೆಲ್ಲ ಹಳೆಯ ಕಥೆಯಾಗುವುದೆನ್ನುವವರು ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯನ್ನು ತಣಿಸುವ ದ್ರವವೂ ರೇಡಿಯೇಟರೂ ಇವೆಯೆಂಬುದನ್ನು ಗಮನಿಸಬೇಕು.

ರಸ್ತೆಯ ಪಕ್ಕದಲ್ಲಿ ಕಾಯುವಾಗ ಕಾರಿನೊಳಗೆ ಕೂಡದೆ, ಗುಡ್ಡದ ಕಡೆಗೋ ತಡೆಗೋಡೆಯ ಆಚೆಗೋ ನಿಲ್ಲಬೇಕು. ಎಚ್ಚರಿಕೆಯ ಕೆಂಪು ತ್ರಿಕೋಣವನ್ನು ಕಾರಿನ ಬೆನ್ನಿಗೇ ಇಟ್ಟರೆ ಪ್ರಯೋಜನವಿಲ್ಲ. ಒದ್ದೆ ರಸ್ತೆಯಲ್ಲಿ ೬೦ ಕಿಲೋಮೀಟರು ವೇಗದ ವಾಹನ ನಿಲ್ಲುವುದಕ್ಕೆ ೬೦ ಮೀಟರಿಗೂ ಹೆಚ್ಚು ಬೇಕಾಗಬಹುದು; ಆದ್ದರಿಂದ ತ್ರಿಕೋಣವು ತಿರುವಿಗೆ ಮೊದಲೇ ಕಾಣಿಸಬೇಕು. ತ್ರಿಕೋಣವಿಲ್ಲದವರು ಕಲ್ಲುಗಳನ್ನೂ ಸೊಪ್ಪಿನ ಕೊಂಬೆಗಳನ್ನೂ ಇಡುವುದು ನಮ್ಮಲ್ಲಿ ರೂಢಿ. ಕೊಂಬೆಗಳಿರಲಿ, ಕಲ್ಲುಗಳನ್ನು, ಇಟ್ಟವರು ಹೊರಡುವ ಮೊದಲು ತೆಗೆದುಹಾಕಲಿ. ಕತ್ತಲಲ್ಲಿ ಬೈಸಿಕಲ್ಲಿನವನಿಗೂ ಮೋಟಾರ್‌ಸೈಕಲ್ಲಿನವನಿಗೂ ಅವು ಕಾಣುವುದಿಲ್ಲ. ಸೋರಿ ನಿಂತ ಬಣ್ಣದ ದ್ರವದ ಮೇಲೂ ನಾಲ್ಕು ಬೊಗಸೆ ಮಣ್ಣು ಬೀಳಲಿ. ಅದು ಸಿಹಿಯಾಗಿರುವುದರಿಂದ ನಾಯಿಗಳೂ ದನಕರುಗಳೂ ನೆಕ್ಕುವುದುಂಟು, ಮತ್ತು ಅದು ವಿಷ.